ಹಿತ್ತಿಲ ಗೋಡೆಯ ಕಳ್ಳ

ಇಟ್ಟಿಗೆ ಕಳ್ಳರು ಮುಂಬಾಗಿಲ ಕಡೆಯಿಂದ ಬರುವುದಿಲ್ಲ. ಬೀದಿಗೆ ಕಾಣುವ ಗೋಡೆಯನ್ನು ಹಾಗೇ ಬಿಟ್ಟು, ಹಿಂದಿನ ಓಣಿಯಿಂದ ನುಗ್ಗಿ ಹಿತ್ತಿಲ ಗೋಡೆಗೆ ಕೈ ಹಾಕುತ್ತಾರೆ. ನಮ್ಮ ಸೇಂಟ್ ಲೂಯಿಸ್‌ನ ಕೆಂಪು ಇಟ್ಟಿಗೆಗೆ ದಕ್ಷಿಣದ ಊರುಗಳಲ್ಲಿ ಎಲ್ಲಿಲ್ಲದ ಬೇಡಿಕೆ. ಅಲ್ಲಿ ಹೊಸದಾಗಿ ಕಟ್ಟುವ ಬಂಗಲೆಗಳಿಗೆ ಹಳೆಯ ಮುಖ ಬೇಕಂತೆ. ಹಾಗಾಗಿ ಇಲ್ಲಿ ಒಂದು ಖಾಲಿ ಮನೆ ಇದ್ದರೆ ಅದು ಹಿಂದಿನಿಂದ ಸವೆಯುತ್ತಾ ಬರುತ್ತದೆ. ಮುಂದೆ ನಿಂತು ನೋಡುವವರಿಗೆ ಅದು ಬೀಳುವ ದಿನದವರೆಗೂ ಗೊತ್ತಾಗುವುದಿಲ್ಲ.

ನಗರ ಪಾಲಿಕೆಯ ಪಾರಂಪರಿಕ ಕಟ್ಟಡಗಳ ಕಚೇರಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ ನನಗೆ ಇದೆಲ್ಲ ಬಾಯಿಪಾಠ. ಅಕ್ಟೋಬರಿನ ಆ ಭಾನುವಾರ ಮಧ್ಯಾಹ್ನ, ಚರ್ಚಿನಿಂದ ನೇರವಾಗಿ ಟೆನ್ನರ್ ಬೀದಿಯ 2917ನೇ ನಂಬರ್ ಮನೆಯ ಹಿಂದಿನ ಓಣಿಗೆ ಹೋದೆ. ಅಲ್ಲೊಂದು ಹಸಿರು ಪಿಕಪ್ ಗಾಡಿ ನಿಂತಿತ್ತು. ಒಬ್ಬ ಉದ್ದನೆಯ ಮನುಷ್ಯ ಏನೋ ಗುನುಗುತ್ತಾ ಅದರಲ್ಲಿ ಇಟ್ಟಿಗೆ ಜೋಡಿಸುತ್ತಿದ್ದ. ನಾನು ಎರಡನೇ ಸಲ ಯೋಚಿಸಲಿಲ್ಲ.

"ಏನ್ ನಡೀತಿದೆ ಇಲ್ಲಿ?"

ಅವನು ತಿರುಗಿ ನೋಡಿದ. ಓಡಲಿಲ್ಲ. ಕೈಯಲ್ಲಿದ್ದ ಇಟ್ಟಿಗೆಯನ್ನು ಕೆಳಗೂ ಇಡಲಿಲ್ಲ. ಮೊದಲು ನನ್ನ ಷೂ ನೋಡಿದ, ಆಮೇಲೆ ಬರೆಯುವ ರಟ್ಟು, ಆಮೇಲೆ ಕುತ್ತಿಗೆಯಲ್ಲಿದ್ದ ಕ್ಯಾಮೆರಾ. ಮುಖವನ್ನು ಎಲ್ಲಕ್ಕಿಂತ ಕೊನೆಗೆ ನೋಡಿದ, ಆದರೆ ನೋಟ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಕ್ಯಾಮೆರಾ ಯಾಕೆ ಮೇಡಂ?"

"ನನ್ ಪ್ರಶ್ನೆಗೆ ಮೊದ್ಲು ಉತ್ತರ ಕೊಡಿ."

"ಗೋಡೆ ನೋಡ್ತಿದೀನಿ."

"ಗೋಡೇನ ಗಾಡಿಗೆ ತುಂಬ್ಕೊಂಡು ನೋಡ್ತಾರಾ?"

ಅವನು ನಕ್ಕ. ಇಷ್ಟು ಚೆನ್ನಾಗಿ ನಗುವ ಕಳ್ಳನನ್ನು ನಾನು ಕಂಡಿರಲಿಲ್ಲ. ಅದೇ ನನಗೆ ಮೊದಲ ಸಾಕ್ಷಿಯಾಯಿತು. ತಪ್ಪು ಮಾಡದವರು ನನ್ನನ್ನು ಕಂಡರೆ ಗಾಬರಿಯಾಗುತ್ತಾರೆ.

"ನೀವು ಫೋಟೋ ತೆಗ್ದಿರೋ ಮನೆ ಎಷ್ಟ್ ದಿನ ಉಳಿಯತ್ತೆ? ಒಂದ್ ತಿಂಗ್ಳಾ?" ಎಂದ.

"ನಾನು ಕೆಡವೋ ಇಲಾಖೆಯವಳಲ್ಲ. ಉಳ್ಸೋ ಇಲಾಖೆಯವಳು."

"ಎಲ್ರೂ ಹಾಗೇ ಅಂತಾರೆ. ರಟ್ಟು ಹಿಡ್ಕೊಂಡು ಒಬ್ರು ಬರ್ತಾರೆ, ಚೆಂದಾಗಿ ಫೋಟೋ ತೆಗೀತಾರೆ, ಹಿಂದೇನೇ ಬುಲ್ಡೋಜರ್ ಬರತ್ತೆ. ಈ ಬೀದೀಲಿ ಹುಟ್ಟಿದವ್ನು ನಾನು. ನನಗೆ ಹೇಳ್ಕೊಡಕ್ ಬರಬೇಡಿ."

ನಾನು ಅವನ ಕಣ್ಣೆದುರಿಗೇ ಗಾಡಿಯ ನಂಬರ್ ಬರೆದುಕೊಂಡೆ. ಅವನು ಬಗ್ಗಿ, ನಾನು ಸರಿಯಾಗಿ ಬರೆದಿದ್ದೇನೆಯೇ ಎಂದು ನೋಡಿದ. "ಕೊನೇದು ಏಳಲ್ಲ, ಒಂದು," ಎಂದ.

ಆ ಮನೆ ನನಗೆ ಯಾಕೆ ಬೇಕಿತ್ತು ಎನ್ನುವುದನ್ನು ಹೇಳಿಬಿಡುತ್ತೇನೆ. ನೂರಮೂವತ್ತು ವರ್ಷದ ಹಿಂದೆ ಈ ಊರಿನಲ್ಲಿ ಹೆಸ್ಟರ್ ಬ್ರೌಕ್ ಎಂಬ ಹೆಂಗಸು ಒಬ್ಬ ದೊಡ್ಡ ಆರ್ಕಿಟೆಕ್ಟ್‌ನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಳು. ನಕ್ಷೆ ಅವಳದು, ಸಹಿ ಅವನದು. ಟೆನ್ನರ್ ಬೀದಿಯ ಮೂರು ಮನೆಗಳನ್ನು ಮಾತ್ರ ಅವಳು ಸ್ವತಂತ್ರವಾಗಿ ಬರೆದಳು ಎಂದು ನನ್ನ ನಂಬಿಕೆ. ಮೆಟ್ಟಿಲ ತಿರುವಿನಲ್ಲಿ, ಹತ್ತುವವರ ಕಾಲಿಗೆ ಬೆಳಕು ಬೀಳುವಷ್ಟು ಕೆಳಗೆ, ಒಂದು ಸಣ್ಣ ಕಮಾನಿನ ಕಿಟಕಿ ಇದೆ. ಉದ್ದ ಲಂಗ ಎತ್ತಿಕೊಂಡು ಮೆಟ್ಟಿಲು ಹತ್ತಿದವರಿಗಲ್ಲದೆ ಬೇರೆ ಯಾರಿಗೂ ಹೊಳೆಯದ ಕಿಟಕಿ ಅದು. ಆದರೆ ಕಿಟಕಿಯನ್ನು ಸಾಕ್ಷಿ ಎಂದು ಯಾರೂ ಒಪ್ಪುವುದಿಲ್ಲ. ಮೂರು ಮನೆಗಳಲ್ಲಿ ಎರಡನ್ನು ಆಗಲೇ ಕೆಡವಿ, ಆ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಉಳಿದ ಒಂದನ್ನು ಕೆಡವುವುದೋ ಪಾರಂಪರಿಕ ಪಟ್ಟಿಗೆ ಸೇರಿಸಿ ಉಳಿಸುವುದೋ ಎಂದು ನವೆಂಬರಿನ ಎರಡನೇ ಸೋಮವಾರ ಪಾಲಿಕೆಯ ಮಂಡಳಿ ವಿಚಾರಣೆ ನಡೆಸಿ ತೀರ್ಮಾನಿಸಬೇಕಿತ್ತು. ಅಷ್ಟರಲ್ಲಿ ಹಿತ್ತಿಲ ಗೋಡೆ ಬಿದ್ದರೆ ಹೆಸ್ಟರ್‌ಳ ಹೆಸರೂ ಅದರ ಜೊತೆಗೇ ಹೋಗುತ್ತಿತ್ತು.

ಎದುರು ಮನೆಯ ಜಗಲಿಯಲ್ಲಿ ಮಿಸ್ ಅರ್ಲೀನ್ ಕೂತಿರುತ್ತಾರೆ. ಎಂಬತ್ತು ದಾಟಿದೆ, ಚರ್ಚಿನ ಟೋಪಿ ಸಂಜೆಯವರೆಗೂ ತೆಗೆಯುವುದಿಲ್ಲ.

"ಹಸಿರು ಗಾಡಿಯವನು ಯಾರು ಮಿಸ್ ಅರ್ಲೀನ್?"

"ಯಾವ ಗಾಡಿ?"

"ಹಿಂದೆ ನಿಂತಿದ್ಯಲ್ಲ."

"ನನ್ ಕಣ್ಣಿಗೆ ಪೊರೆ ಬಂದಿದೆ ಮಗಳೇ."

"ನನ್ನ ಕಿವಿಯೋಲೆ ಚೆನ್ನಾಗಿದೆ ಅಂತ ಈಗ ತಾನೇ ಅಂದ್ರಲ್ಲ?"

"ಓಲೆ ಕಾಣತ್ತೆ. ಗಾಡಿ ಕಾಣಲ್ಲ."

ಬೀದಿಗೆ ಬೀದಿಯೇ ಶಾಮೀಲು ಎಂದುಕೊಂಡೆ.

ಮುಂದಿನ ಭಾನುವಾರವೂ ಅವನಿದ್ದ. ಅದರ ಮುಂದಿನ ಭಾನುವಾರವೂ. ಹಿತ್ತಿಲಿಗೆ ಪಾಲಿಕೆಯ ಕೆಂಪು ನೋಟಿಸು ಅಂಟಿಸಿದ್ದರಿಂದ ವಿಚಾರಣೆ ಮುಗಿಯುವವರೆಗೆ ನಾನು ಬೇಲಿ ದಾಟುವಂತಿರಲಿಲ್ಲ. ಬೇಲಿಗೆ ಹಬ್ಬಿದ ಬಳ್ಳಿಯ ಸಂದಿಯಲ್ಲಿ ಕಾಣುತ್ತಿದ್ದದ್ದು ಅರ್ಧ ಗೋಡೆ ಮತ್ತು ಇಡೀ ಅವನು. ಹೆಸರು ಅರ್ವೆಲ್ ಟಿಬ್ಸ್ ಎಂದು ಕೇಳದೆಯೇ ಹೇಳಿದ್ದ. ಸುಳ್ಳು ಹೆಸರಿರಬೇಕು ಎಂದು ನಾನು ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿಕೊಂಡಿದ್ದೆ.

ಒಂದೊಂದು ಇಟ್ಟಿಗೆಯನ್ನೂ ತೆಗೆಯುವ ಮುಂಚೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದ. ಡಾಕ್ಟರು ಬೆನ್ನು ತಟ್ಟಿ ನೋಡುವ ಹಾಗೆ. ಆಗ ಅವನ ಹುಬ್ಬಿನ ಮೇಲೆ ಕೆಂಪು ಧೂಳು ಕೂತಿರುತ್ತಿತ್ತು. ಅದನ್ನು ಒರೆಸಬೇಕು ಎಂದು ನನ್ನ ಕೈಗೆ ಅನ್ನಿಸಿತು. ನಾನು ಆ ಕೈಯಲ್ಲಿ ಪೆನ್ನು ಹಿಡಿದೆ.

"ಊಟ ಆಯ್ತಾ ಪತ್ತೇದಾರಮ್ಮ?" ಅವನು ಬೇಲಿಯ ಮೇಲಿಂದ ಒಂದು ಕಾಗದದ ಪೊಟ್ಟಣ ಚಾಚಿದ. ಮೂಲೆಯ ಚೈನೀಸ್ ಅಂಗಡಿಯ ಸೇಂಟ್ ಪಾಲ್ ಸ್ಯಾಂಡ್‌ವಿಚ್. ಬಿಳಿ ಬ್ರೆಡ್ಡಿನ ನಡುವೆ ಕರಿದ ಮೊಟ್ಟೆ, ಉಪ್ಪಿನ ಸೌತೆಕಾಯಿ.

"ಲಂಚ ತಗೊಳ್ಳಲ್ಲ."

"ಅರ್ಧ ಸ್ಯಾಂಡ್‌ವಿಚ್ಚಿಗೆ ನಿಮ್ಮನ್ನ ಕೊಳ್ಳಬಹುದು ಅಂತ ನನಗೆ ಅನ್ಸಿರ್ಲಿಲ್ಲ. ಕೊಳ್ಳಬಹುದಾ?"

ನಾನು ತಿಂದೆ. ಹಸಿವಿಗೆ ತಿಂದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವನು ಬೇಲಿಯ ಆ ಕಡೆ, ನಾನು ಈ ಕಡೆ. ಬಾಯಿ ಒರೆಸಿಕೊಂಡು, ನಮ್ಮೂರಿನಲ್ಲಿ ಯಾರ ಜಾತಕವನ್ನಾದರೂ ಬಿಚ್ಚಿಸುವ ಪ್ರಶ್ನೆ ಕೇಳಿದೆ.

"ಯಾವ ಹೈಸ್ಕೂಲು?"

"ಮುಚ್ಚಿಹೋಯ್ತಲ್ಲ, ನೀರಿನ ಗೋಪುರದ ಹತ್ರದ್ದು."

ಅದು ನನ್ನದೂ ಶಾಲೆ. ನಾನು ಅಗಿಯುವುದನ್ನು ನಿಲ್ಲಿಸಿದೆ. "ಯಾವ್ ವರ್ಷ?"

"ನಿಮಗಿಂತ ಮೂರು ವರ್ಷ ಮೊದ್ಲು ಅನ್ಸತ್ತೆ. ಚರ್ಚಾ ಸ್ಪರ್ಧೇಲಿ ಎದುರಾಳಿ ಅಳೋವರ್ಗೂ ಬಿಡದ ಹುಡುಗಿ ಒಬ್ಳಿದ್ಳು, ಕೊರಿನ್ ಸ್ಟೋವಲ್ ಅಂತ. ಗೊತ್ತಾ?"

ಇಷ್ಟು ದಿನ ನನ್ನ ಹೆಸರು ಗೊತ್ತಿದ್ದೂ ಹೇಳಲಿಲ್ಲ. ನನ್ನ ಬಗ್ಗೆ ವಿಚಾರಿಸಿದ್ದಾನೆ. ಯಾಕೆ ವಿಚಾರಿಸಬೇಕು? ಮನೆಗೆ ಹೋಗುವವರೆಗೂ ಅದೇ ಕೊರೆಯುತ್ತಿತ್ತು. ಅದರ ಜೊತೆಗೆ ಇನ್ನೊಂದೂ ಕೊರೆಯುತ್ತಿತ್ತು, ಅದಕ್ಕೆ ನಾನು ಹೆಸರಿಡಲಿಲ್ಲ.

ನಾಲ್ಕನೇ ಭಾನುವಾರ ನಾನು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಗೋಡೆಯ ಸಂದಿಯಿಂದ ಏನನ್ನೋ ಎತ್ತಿದ. ಸುತ್ತ ನೋಡಿದ. ಹೆಗಲ ಮೇಲಿದ್ದ ಟವೆಲ್ಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು, ಗಾಡಿಯ ಹಿಂಭಾಗಕ್ಕಲ್ಲ, ಮುಂದೆ ತನ್ನ ಸೀಟಿನ ಪಕ್ಕ ಇಟ್ಟ. ಆಗ ನನ್ನನ್ನು ಕಂಡ. ಆ ಮುಖ ಮೊದಲ ಸಲ ಕಳ್ಳನ ಮುಖದಂತೆ ಕಂಡಿತು.

"ಅದೇನು?"

"ಏನಿಲ್ಲ."

"ತೋರ್ಸಿ."

"ನಿಮಗಲ್ಲ ಅದು," ಎಂದ. ಬಾಗಿಲು ಹಾಕಿಕೊಂಡು ಹೊರಟೇಹೋದ.

ನನಗೆ ಅಳು ಬಂತು. ಕಳ್ಳ ಎಂದು ಮೊದಲ ದಿನದಿಂದ ನಂಬಿದವಳಿಗೆ, ಕಳ್ಳನೇ ಎಂದು ಗೊತ್ತಾದಾಗ ಅಳು ಯಾಕೆ ಬರಬೇಕು? ಆ ಸಿಟ್ಟಿನಲ್ಲೇ ಮರುದಿನ ಬೆಳಿಗ್ಗೆ ಪೊಲೀಸರಿಗೆ ದೂರು ಕೊಟ್ಟೆ. ನಂಬರಿನ ಕೊನೆಯ ಅಂಕಿ ಒಂದು ಎಂದು ಸರಿಯಾಗಿಯೇ ಬರೆಸಿದೆ.

ಗಾಡಿ ಜಪ್ತಿಯಾಯಿತು. ತನಿಖೆ ಮುಗಿಯುವವರೆಗೆ ಟೆನ್ನರ್ ಬೀದಿಗೆ ಕಾಲಿಡಬಾರದು ಎಂದು ಅವನಿಗೆ ಆಜ್ಞೆಯಾಯಿತು. ಐದನೇ ಭಾನುವಾರ ಓಣಿ ಖಾಲಿ. ನಾನು ಗೆದ್ದಿದ್ದೆ. ಬೇಲಿಯ ಮುಂದೆ ಹತ್ತು ನಿಮಿಷ ನಿಂತೆ, ಆಮೇಲೆ ನಿಯಮ ಹಾಳಾಗಲಿ ಎಂದು ಬಳ್ಳಿ ಸರಿಸಿ ಒಳಗೆ ಹೋದೆ.

ಅವನಿಲ್ಲದ ಕಾರಣ ಅವತ್ತು ಮೊದಲ ಬಾರಿ ನಾನು ಗೋಡೆಯನ್ನು ನೋಡಿದೆ.

ಕಳ್ಳರು ಮೇಲಿನಿಂದ ಕೀಳುತ್ತಾರೆ, ಇಲ್ಲವೇ ಮೂಲೆ ಒಡೆದು ಗೋಡೆಯನ್ನೇ ಬೀಳಿಸುತ್ತಾರೆ. ಇಲ್ಲಿ ಕೆಳಗಿನಿಂದ, ಹೊಲಿಗೆ ಹಾಕಿದಂತೆ, ಅಲ್ಲೊಂದು ಇಲ್ಲೊಂದು ಇಟ್ಟಿಗೆ ತೆಗೆಯಲಾಗಿತ್ತು. ತೆಗೆದ ಜಾಗಕ್ಕೆ ಮತ್ತೆ ಅದೇ ಇಟ್ಟಿಗೆ ಬಂದಿತ್ತು, ಸವೆದ ಮುಖ ಒಳಗೆ ಮಾಡಿ, ಗಟ್ಟಿ ಮುಖ ಹೊರಗೆ ಮಾಡಿ. ಹಿಂದೆ ಯಾರೋ ದಡ್ಡರು ಆ ಮೆತ್ತನೆಯ ಇಟ್ಟಿಗೆಗಳ ನಡುವೆ ಸಿಮೆಂಟು ಮೆತ್ತಿದ್ದರು. ಸಿಮೆಂಟಿನ ಬಿಗಿಗೆ ಇಟ್ಟಿಗೆ ಪುಡಿಯಾಗುತ್ತಿತ್ತು. ಅದನ್ನೆಲ್ಲ ಕೆತ್ತಿ ತೆಗೆದು ಹಳೆಯ ಪದ್ಧತಿಯ ಸುಣ್ಣದ ಗಾರೆ ಹಾಕಲಾಗಿತ್ತು. ಉಗುರಿನಿಂದ ಒತ್ತಿದೆ. ಇನ್ನೂ ಸ್ವಲ್ಪ ಮೆದು. ಅವನು ಇಟ್ಟಿಗೆ ಒಯ್ಯುತ್ತಿದ್ದದ್ದು ಕೆರೆದು ತೊಳೆಯುವುದಕ್ಕೆ. ವಾಪಸ್ ತಂದಿಡುತ್ತಿದ್ದದ್ದು ನಾನು ಚರ್ಚಿನಲ್ಲಿ ಕೂತಿದ್ದ ಬೆಳಗಿನ ಹೊತ್ತಿನಲ್ಲಿ.

ಹದಿನಾಲ್ಕು ವರ್ಷದ ಅನುಭವ ನನ್ನದು! ಊರಿಗೆಲ್ಲ ಗೋಡೆ ಓದಲು ಕಲಿಸುವವಳು, ಗೋಡೆಯ ಬದಲು ಗಂಡಸನ್ನು ಓದುತ್ತಾ ನಿಂತಿದ್ದೆ. ಅದನ್ನೂ ತಪ್ಪಾಗಿ ಓದಿದ್ದೆ. ಗೋಡೆಯಲ್ಲಿ, ಮರದ ಆಸರೆ ಕೊಟ್ಟು ನಿಲ್ಲಿಸಿದ, ನಾಲ್ಕು ಅಡಿ ಅಗಲದ ಒಂದು ಬಾಯಿ ಇನ್ನೂ ತೆರೆದಿತ್ತು. ಅದನ್ನು ಮುಚ್ಚುವ ಮುಂಚೆಯೇ ನಾನು ಅವನನ್ನು ಓಡಿಸಿದ್ದೆ. ವಾರದೊಳಗೆ ಹಿಮ ಬೀಳುವ ಸೂಚನೆ ಇತ್ತು. ಹೆಪ್ಪುಗಟ್ಟುವ ಚಳಿಗೆ ಆ ಗೋಡೆ ನಿಲ್ಲುವುದು ಕಷ್ಟವಿತ್ತು.

ಅವನ ಕೆಲಸದ ಶೆಡ್ಡು ನದಿಯ ಹತ್ತಿರ. ದೂರಿನ ಪ್ರತಿಯಲ್ಲಿ ವಿಳಾಸ ಇತ್ತು. ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ.

"ದೂರು ಕೊಟ್ಟಿದ್ದು ನಾನು."

"ಗೊತ್ತು." ಅವನು ಉಳಿ ಉಜ್ಜುತ್ತಲೇ ಇದ್ದ. "ಆ ಗಾಡಿ ನಂಬರನ್ನ ತಪ್ಪಿಲ್ದೆ ಹೇಳೋರು ಇನ್ಯಾರಿದಾರೆ?"

"ಬಾಯ್ಬಿಟ್ಟು ಹೇಳ್ಬಹುದಿತ್ತಲ್ಲ, ರಿಪೇರಿ ಮಾಡ್ತಿದೀನಿ ಅಂತ!"

"ಪಾಲಿಕೆಯವಳಿಗೆ? ಪರವಾನಗಿ ಇಲ್ದೆ ಪಾಲಿಕೆ ಗೋಡೆ ರಿಪೇರಿ ಮಾಡ್ತಿದೀನಿ ಅಂತ?" ಉಳಿಯನ್ನು ಕೆಳಗಿಟ್ಟ. "ಪಕ್ಕದ ಮನೆ ನಮ್ಮದು ಕೊರಿನ್. ಈಗ ಹುಲ್ಲು ಬೆಳ್ದಿದೆಯಲ್ಲ, ಅದು. ಒಬ್ಬ ನಗ್ತಾ ನಗ್ತಾ ಬಂದು ಫೋಟೋ ತೆಗ್ದ. ನಮ್ಮಮ್ಮ ಅವನಿಗೆ ಕಾಫಿ ಕೊಟ್ರು. ಮೂರು ವಾರಕ್ಕೆ ಮನೆ ಇರ್ಲಿಲ್ಲ. ನೀನು ಬಂದಾಗ ನನಗೆ ಅವನೇ ಕಂಡ. ಏನ್ ಮಾಡ್ಲಿ, ನೀನು ಅವನಿಗಿಂತ ನೋಡಕ್ ಚೆನ್ನಾಗಿದ್ದೆ, ಅದೇ ತೊಂದ್ರೆ ಆಗಿದ್ದು."

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಆದರೂ ಕೇಳದೆ ಇರಲಾಗಲಿಲ್ಲ. "ಹಾಗಾದ್ರೆ ಟವೆಲ್ಲಲ್ಲಿ ಇದ್ದದ್ದು?"

ಅವನು ಕೈ ಒರೆಸಿಕೊಂಡ. ಆಮೇಲೆ ಮೇಜಿನ ಕೆಳಗಿನಿಂದ ಅದನ್ನು ತೆಗೆದು ನನ್ನ ಮುಂದಿಟ್ಟ. "ನಾನು ಕದ್ದಿದ್ದು ಇದೊಂದೇ. ಮನೆ ಕೆಡವಿದ್ರೂ ಇದೊಂದಾದ್ರೂ ಉಳೀಲಿ ಅಂತ."

ಒಂದು ಇಟ್ಟಿಗೆ. ಸುಡುವ ಮುಂಚೆ, ಹಸಿಯಾಗಿದ್ದಾಗ, ಯಾರೋ ಅದರ ಮೇಲೆ ಕಡ್ಡಿಯಿಂದ ಗೀಚಿದ್ದರು. ಒಂದು ಸಣ್ಣ ಕಮಾನಿನ ಕಿಟಕಿ. ಕೆಳಗೆ ಓರೆ ಅಕ್ಷರದಲ್ಲಿ: ಈ ಮನೆಯನ್ನು ಬರೆದವಳು ಹೆಸ್ಟರ್ ಬ್ರೌಕ್, 1891. ನಕ್ಷೆಯ ಮೇಲೆ ಸಹಿ ಹಾಕಲು ಬಿಡದಿದ್ದಾಗ ಅವಳು ಗೋಡೆಯ ಒಳಗೆ ಸಹಿ ಹಾಕಿದ್ದಳು.

ನಾನು ನೆಲದ ಮೇಲೆ ಕೂತುಬಿಟ್ಟೆ. ಮೂರು ವರ್ಷ ಹುಡುಕಿದ್ದೆ ಅವಳನ್ನು. ಅಳುತ್ತಿದ್ದೆನೋ ನಗುತ್ತಿದ್ದೆನೋ ತಿಳಿಯದು.

"ಇವ್ಳು ನಿನಗೆ ಏನಾಗ್ಬೇಕು?" ಎಂದ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು.

ಎಲ್ಲ ಹೇಳಿದೆ. ನಕ್ಷೆ, ಕಿಟಕಿ, ವಿಚಾರಣೆ. ಹೇಳುತ್ತಾ ಹೇಳುತ್ತಾ ಅವನ ಹುಬ್ಬಿನ ಮೇಲಿನ ಧೂಳನ್ನು ಒರೆಸಿದೆ. ಆ ಬೆರಳು ಅಲ್ಲಿಂದ ಬೇಗ ಬರಲಿಲ್ಲ. ಅವನು ನನಗೆ ಮುತ್ತು ಕೊಟ್ಟ. ಸುಣ್ಣದ ವಾಸನೆ, ಗಡ್ಡದ ಚುಚ್ಚು. ನನಗೆ ಮೂವತ್ತೆಂಟು ವರ್ಷ, ಆದರೂ ಹುಡುಗಿಯಂತೆ ಅವನ ಅಂಗಿ ಹಿಡಿದುಕೊಂಡೆ.

ಆಮೇಲೆ ಅವನು ಹಿಂದೆ ಸರಿದು ಇಟ್ಟಿಗೆಯನ್ನು ನನ್ನ ಮಡಿಲಿಗೆ ಇಟ್ಟ. "ತಗೋ. ನಿನಗೆ ಬೇಕಾಗಿದ್ದು ಸಿಕ್ತಲ್ಲ," ಎಂದ. ತಮಾಷೆಯ ದನಿಯೇ. ಆದರೆ ಕಣ್ಣು ತಮಾಷೆ ಮಾಡುತ್ತಿರಲಿಲ್ಲ. ಇಟ್ಟಿಗೆಗಾಗಿ ಬಂದವಳು, ಇಟ್ಟಿಗೆ ಸಿಕ್ಕ ಮೇಲೆ ಹೋಗುವವಳು ಎಂದು ಅಳೆಯುತ್ತಿದ್ದ. ಅನುಮಾನ ಎನ್ನುವುದು ನನ್ನೊಬ್ಬಳ ಸ್ವತ್ತು ಎಂದುಕೊಂಡಿದ್ದೆ. ಬರೀ ಇಟ್ಟಿಗೆಗಾಗಿ ಬಂದವಳಲ್ಲ ಎಂದು ನಾನು ಆಣೆ ಮಾಡಬಹುದಿತ್ತು, ಅವನು ನಂಬುತ್ತಿರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ದೂರನ್ನು ಹಿಂತೆಗೆದುಕೊಂಡೆ. ನನ್ನ ಮೇಲಧಿಕಾರಿಯ ಕಾಲು ಹಿಡಿದು ತುರ್ತು ಪರವಾನಗಿ ಬರೆಸಿದೆ. ಗುರುವಾರ ಅವನು ಆ ಬಾಯಿ ಮುಚ್ಚಿದ, ನಾನು ಗಾರೆ ಕಲಸಿದೆ. ಮಿಸ್ ಅರ್ಲೀನ್‌ಗೆ ಇದ್ದಕ್ಕಿದ್ದಂತೆ ಕಣ್ಣು ಕಾಣಿಸಲು ಶುರುವಾಗಿ, ಹಿತ್ತಿಲಿಗೇ ಕುರ್ಚಿ ತರಿಸಿಕೊಂಡು ಕೂತರು. ಅರ್ವೆಲ್ ಎಲ್ಲ ಮಾತನ್ನೂ ಆಡಿದ, ಆ ಮುತ್ತಿನ ಮಾತು ಬಿಟ್ಟು.

ಸೋಮವಾರ ವಿಚಾರಣೆ. ನಮ್ಮ ಮಂಡಳಿಯಲ್ಲಿ ಒಂದು ಪದ್ಧತಿ ಇದೆ. ವರದಿ ಓದುವ ಮುಂಚೆ ಅಧಿಕಾರಿಯನ್ನು ಪ್ರಮಾಣದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: ಈ ವಿಷಯದಲ್ಲಿ ಸಾಕ್ಷಿ ಹೇಳುವ ಯಾರೊಂದಿಗಾದರೂ ನಿಮಗೆ ವೈಯಕ್ತಿಕ ಸಂಬಂಧ ಇದೆಯೇ? ಇದೆ ಎಂದರೆ ವರದಿ ಪಕ್ಕಕ್ಕೆ, ಅಧಿಕಾರಿ ಹೊರಕ್ಕೆ. ಸಾಕ್ಷಿಗಳಿಗೆ ಈ ನಿಯಮ ಇಲ್ಲ. ಹದಿನಾಲ್ಕು ವರ್ಷದಿಂದ ನಾನು ಈ ಪ್ರಶ್ನೆಗೆ "ಇಲ್ಲ" ಎಂದು ಯೋಚಿಸದೆ ಹೇಳಿದ್ದೇನೆ.

"ಇವತ್ತೂ ಅದನ್ನೇ ಹೇಳು," ಎಂದಿದ್ದರು ಮೇಲಧಿಕಾರಿ ಬೆಳಿಗ್ಗೆ, ನನ್ನ ಮುಖ ನೋಡಿಯೇ. "ನಿಶ್ಚಿತಾರ್ಥ ಆಗಿದ್ಯಾ? ಇಲ್ಲ ತಾನೇ? ಮತ್ತೇನು ಸಂಬಂಧ? ನಿನ್ನ ವರದಿ ಇಲ್ದಿದ್ರೆ ಉಳಿಯೋದು ಒಂದು ಇಟ್ಟಿಗೆ ಮತ್ತೆ ಕಳ್ಳತನದ ದೂರಿದ್ದ ಒಬ್ಬ ಮೇಸ್ತ್ರಿ. ಮನೆ ಹೋಗತ್ತೆ."

ಅಧ್ಯಕ್ಷೆ ಮಿಸೆಸ್ ಟೌಬ್ ಕನ್ನಡಕ ಏರಿಸಿ ಪ್ರಶ್ನೆ ಓದಿದರು. ನಾನು ತಿರುಗಿ ನೋಡಿದೆ. ಮೂರನೇ ಸಾಲಿನಲ್ಲಿ ಅರ್ವೆಲ್, ಇಸ್ತ್ರಿ ಮಾಡಿದ ಅಂಗಿ, ಮೊದಲ ದಿನ ನನ್ನ ಷೂ ನೋಡಿದ ಅದೇ ನೋಟ. ಇವಳು ಇಲ್ಲ ಎನ್ನುತ್ತಾಳೆ ಎಂದು ಅವನಿಗೆ ಖಾತ್ರಿ ಇತ್ತು. ಹೆಸ್ಟರ್‌ಳಿಗಾಗಿ ಒಂದು ಸುಳ್ಳು ಹೇಳಿದರೆ ತಪ್ಪೇನು? ಆದರೆ ತನ್ನದನ್ನು ತನ್ನದು ಎಂದು ಎಲ್ಲರೆದುರಿಗೆ ಹೇಳಲಾಗದೆ ಗೋಡೆಯೊಳಗೆ ಮುಚ್ಚಿಟ್ಟವಳು ಅವಳು. ಅವಳ ಹೆಸರಿನಲ್ಲಿ ನಾನೂ ಮುಚ್ಚಿಡುವುದೇ?

"ಇದೆ," ಎಂದೆ.

ಮೇಲಧಿಕಾರಿ ಹಣೆಗೆ ಕೈ ಹಚ್ಚಿಕೊಂಡರು.

"ಯಾರ ಜೊತೆ?"

"ಅರ್ವೆಲ್ ಟಿಬ್ಸ್ ಜೊತೆ."

"ಏನು ಸಂಬಂಧ?"

"ನಾನು ಅವರನ್ನ ಪ್ರೀತಿಸ್ತೀನಿ. ಅವರ ಕಡೆಯಿಂದ ಏನು ಅಂತ ಖಚಿತ ಇಲ್ಲ. ವಿಚಾರಿಸ್ತಾ ಇದೀನಿ."

ಯಾರೋ ನಕ್ಕರು. ಗುಮಾಸ್ತೆ ಪೆನ್ನು ಎತ್ತಿ, "ಹೇಗೆ ಬರ್ಕೊಳ್ಳಲಿ ಮೇಡಂ?" ಎಂದು ಅಧ್ಯಕ್ಷೆಯನ್ನು ಕೇಳಿದಳು. "ಹೇಳಿದ ಹಾಗೇ ಬರ್ಕೋ," ಎಂದರು ಮಿಸೆಸ್ ಟೌಬ್. ಮೂರು ವರ್ಷದ ನನ್ನ ವರದಿಯನ್ನು ಮಡಚಿ ಪಕ್ಕಕ್ಕಿಟ್ಟರು. ನಾನು ಹೊರಗೆ ನಡೆದೆ. ಅವನ ಸಾಲು ದಾಟುವಾಗ ಕಣ್ಣೆತ್ತಲು ಧೈರ್ಯವಾಗಲಿಲ್ಲ.

ಕಾರಿಡಾರಿನ ಬೆಂಚಿನ ಮೇಲೆ ಐವತ್ತು ನಿಮಿಷ. ಒಳಗೆ ಅವನ ದನಿ, ನಿಧಾನವಾಗಿ, ನಿಲ್ಲದೆ. ಕಚೇರಿ ಎಂದರೆ ಉರಿದುಬೀಳುವವನು ಅಷ್ಟು ಹೊತ್ತು ಏನು ಹೇಳುತ್ತಿದ್ದಾನೆ? ಒಮ್ಮೆ ಎಲ್ಲರೂ ನಕ್ಕರು. ನನ್ನನ್ನೇ ನೋಡಿ ನಗುತ್ತಿದ್ದಾರೆ ಅನ್ನಿಸಿತು. ಆಮೇಲೆ ಯಾವ ಸದ್ದೂ ಇಲ್ಲ. ಮನೆ ಹೋಯಿತು, ಅವನೂ ಹೋದ ಎಂದು ತೀರ್ಮಾನಿಸಿಕೊಂಡೆ.

ಬಾಗಿಲು ತೆರೆಯಿತು. ಅವನು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

"ಮನೆ?" ಎಂದೆ.

"ಉಳೀತು. ನಾಲ್ಕು, ಮೂರು. ಇಟ್ಟಿಗೇನ ಕೈಯಿಂದ ಕೈಗೆ ಕೊಟ್ಟು ನೋಡಿದ್ರು. ಗೋಡೆ ಇನ್ನೂ ನೂರು ವರ್ಷ ನಿಲ್ಲತ್ತೆ ಅಂದೆ, ಯಾಕೆ ಅಂತ ವಿವರ್ಸಿದೆ."

ನಾನು ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತೆ. ಅವನು ಬೆಂಚಿನ ಮೇಲೆ ಒಂದಿಷ್ಟು ಹತ್ತಿರ ಸರಿದ.

"ಆ ಅಧ್ಯಕ್ಷಮ್ಮ ನನಗೂ ಅದೇ ಪ್ರಶ್ನೆ ಕೇಳಿದ್ರು ಕೊರಿನ್. ನಿಯಮದಲ್ಲಿ ಇಲ್ಲ, ನನಗೆ ಸುಮ್ನೆ ಕುತೂಹಲ ಅಂದ್ರು."

"ನೀನೇನಂದೆ?"

"ನನ್ ಮೇಲೆ ದೂರು ಕೊಟ್ಟವಳು ಅಂದೆ."

"ಅಷ್ಟೇನಾ?"

"ಮದ್ವೆ ಆಗ್ಬೇಕು ಅಂತಿದೀನಿ, ಅವಳಿಗಿನ್ನೂ ಹೇಳಿಲ್ಲ ಅಂದೆ. ಅದನ್ನೂ ಬರ್ಕೊಂಡ್ರು."

ಅವನ ಮುಖವನ್ನು ಎಡದಿಂದ ನೋಡಿದೆ, ಬಲದಿಂದ ನೋಡಿದೆ. "ಸುಳ್ಳು ಹೇಳ್ತಿದೀಯ."

"ಹೋಗಿ ನೋಡು ಬೇಕಾದ್ರೆ."

ಬೇರೆ ಹೆಂಗಸಾಗಿದ್ದರೆ ಅಲ್ಲೇ ಅವನ ಹೆಗಲಿಗೆ ಒರಗುತ್ತಿದ್ದಳು. ನಾನು ಎದ್ದು ಒಳಗೆ ಹೋದೆ. ಗುಮಾಸ್ತೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದಳು. ಎರಡು ಸಲ ಓದಿದೆ. ಅವನು ಹೇಳಿದ ಹಾಗೇ ಬರೆದಿತ್ತು.